ಮಂಗಳೂರು–ಉಡುಪಿ ಪ್ರವಾಸ: ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಹೇಗೆ ಸುತ್ತಬೇಕು?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಆರು ಜನ ಬರ್ತಿದ್ದೇವೆ. ಅಪ್ಪನಿಗೆ 72, ಮೊಣಕಾಲು ನೋವು, ಬಿಪಿ ಮಾತ್ರೆ ಇದೆ. ಅಮ್ಮ ಗಟ್ಟಿ. ಮಗಳಿಗೆ 9, ಮಗನಿಗೆ 4. ಏಳು ಸೀಟಿನ ಸ್ವಂತ ಕಾರು. ಡಿಸೆಂಬರ್ ಮೊದಲ ಅರ್ಧದಲ್ಲಿ ಶನಿವಾರದಿಂದ ಸೋಮವಾರದವರೆಗೆ ಮೂರು ದಿನ. ಪಟ್ಟಿ ಹೀಗಿದೆ: ಮೊದಲ ದಿನ ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಕದ್ರಿ, ಕುದ್ರೋಳಿ, ಮಂಗಳಾದೇವಿ ದೇವಸ್ಥಾನಗಳು. ಎರಡನೇ ದಿನ ಉಡುಪಿ ಮಠ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕಾಪು. ಮೂರನೇ ದಿನ ಪಿಲಿಕುಳ, ಮೂಡಬಿದಿರೆ, ಕಾರ್ಕಳ ನೋಡಿ ಹಾಗೇ ಊರಿಗೆ. ಆಗುತ್ತಾ? ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು.

ಕುಳೂರು ಸಂಕ:
ಆಗಲ್ಲ ಮಾರಾಯ್ರೇ. ಕಾರಿನ ಕಿಟಕಿಯಿಂದ ನೋಡುವುದಾದರೆ ಆಗ್ತದೆ.

ದೂರ ಇಲ್ಲಿ ದೊಡ್ಡ ಲೆಕ್ಕವೇ ಅಲ್ಲ, ಬಿಸಿಲಿನ ಲೆಕ್ಕ ಮೊದಲು ಹಾಕಿ. ಡಿಸೆಂಬರಿನಲ್ಲಿ ಇಲ್ಲಿ ಹಗಲು 32–33 ಡಿಗ್ರಿ. ಸಂಖ್ಯೆ ನೋಡಿದರೆ ದಾವಣಗೆರೆಯವರಿಗೆ ಇದೆಂತ ಸೆಕೆ ಅನ್ನಿಸಬಹುದು. ಆದರೆ ಗಾಳಿಯಲ್ಲಿ ನೀರಿನಂಶ ಜಾಸ್ತಿ, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನಿಮ್ಮಲ್ಲಿ ಎರಡು ಗಂಟೆ ನಡೆಯುವವರು ಇಲ್ಲಿ ಮುಕ್ಕಾಲು ಗಂಟೆಗೆ ನೆರಳು ಹುಡುಕುತ್ತಾರೆ. ಹಾಗಾಗಿ ಬೆಳಗ್ಗೆ ಹತ್ತೂವರೆಯೊಳಗೆ ದೋಣಿ, ಬೆಟ್ಟ, ಬರಿಗಾಲಿನ ಅಂಗಳ. ಹನ್ನೊಂದರಿಂದ ಮೂರೂವರೆ ತನಕ ಮಾಡಿನ (ಅಂದರೆ ಸೂರಿನ) ಕೆಳಗಿನದ್ದು, ಊಟ, ನಿದ್ದೆ. ಬೀಚು ನಾಲ್ಕರ ಮೇಲೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ಐದು–ಹತ್ತು ನಿಮಿಷಕ್ಕೆ. ಅಂದರೆ ದಿನಕ್ಕೆ ಒಂದೇ ಬೀಚು. ನಿಮ್ಮ ಮೊದಲ ದಿನದಲ್ಲಿ ಮೂರು ಬೀಚು ಉಂಟು!

ಇನ್ನೊಂದು, ಪಿಲಿಕುಳಕ್ಕೆ ಸೋಮವಾರ ರಜೆ. ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಮ್ಮಿಗೂ ಅದೇ. ಸೋಮವಾರ ಬಿಟ್ಟು ಗುರುವಾರ ಹೊರಟರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ರಥಬೀದಿ ಮಾಣಿ:
ದಾರಿ ಯಾವುದು ಅಂತ ಹೇಳಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಆಗಿ ಇಳಿಯುವುದಾದರೆ ಮೊದಲು ಸಿಗುವುದು ಉಡುಪಿ, ಮಂಗಳೂರಲ್ಲ. ಸುಮಾರು 230 ಕಿಲೋಮೀಟರ್. ನಿಲ್ಲಿಸಿಕೊಂಡು ಬಂದರೆ ಐದೂವರೆ ಗಂಟೆ. ಮಂಗಳೂರಿಗೆ ಹೋಗಿ ಮತ್ತೆ ಉಡುಪಿಗೆ ಬಂದು ಪುನಃ ಮೂಡಬಿದಿರೆಗೆ ಹೋಗುವುದೆಂದರೆ ಒಂದೇ ರಸ್ತೆ ಎರಡೆರಡು ಸಲ ತುಳಿದ ಹಾಗೆ. ಉಡುಪಿಯಿಂದ ಮಂಗಳೂರು 55–60 ಕಿಲೋಮೀಟರ್, ಮಧ್ಯೆ ಹೆಜಮಾಡಿಯಲ್ಲಿ ಟೋಲ್.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ನಾಲ್ಕು ವರ್ಷದ ಮಗುವಿಗೆ ತೀರ್ಥಹಳ್ಳಿಯಲ್ಲಿ ಹೊಟ್ಟೆ ತುಂಬ ತಿನ್ನಿಸಿ ಘಾಟಿ ಇಳಿದರೆ ಏನಾಗುತ್ತದೆ ಅಂತ ಹೇಳುವುದು ಬೇಡ. ಒಂದು ಇಡ್ಲಿ ಸಾಕು. ಇಳಿಯುವ ಹೊತ್ತಿಗೆ ಮೊಬೈಲ್ ಕಿತ್ತಿಟ್ಟು ಮುಂದಿನ ರಸ್ತೆ ಕಾಣುವ ಹಾಗೆ ಕೂರಿಸಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ, ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಬಂದರೆ ಕೆಳಗೆ ತಲುಪುವಾಗ ಸುಟ್ಟ ವಾಸನೆ ಬರುತ್ತದೆ. ಹತ್ತುವ ಗಾಡಿಗೆ ದಾರಿ ಬಿಡಬೇಕು, ಇದು ಘಾಟಿಯ ನಿಯಮ.

ಘಾಟಿ ಇಳಿದ ಕೂಡಲೇ ಸಿಗುವ ಊರು ಸೋಮೇಶ್ವರ. ನಿಮ್ಮ ಪಟ್ಟಿಯ ಸೋಮೇಶ್ವರ ಇದಲ್ಲ, ಅದು ಉಳ್ಳಾಲದ ಹತ್ತಿರದ್ದು. ಬೈಂದೂರಲ್ಲಿ ಮೂರನೆಯದೂ ಉಂಟು. ಮ್ಯಾಪಿನಲ್ಲಿ ಬರೀ ‘ಸೋಮೇಶ್ವರ’ ಅಂತ ಹಾಕಿದರೆ ಸಮುದ್ರದ ಬದಲು ಕಾಡಿಗೆ ಕರೆದುಕೊಂಡು ಹೋದರೂ ಹೋದೀತು.

ಬೆಣ್ಣೆನಗರಿ:
ಆಗುಂಬೆ ದಾರಿನೇ. ಗುರುವಾರ ಬೆಳಗಿನ ಜಾವ ಹೊರಟು ಭಾನುವಾರ ರಾತ್ರಿ ಊರು ಸೇರೋ ಹಾಗೆ ಮಾಡಬಹುದು, ಶುಕ್ರವಾರ ಒಂದು ದಿನ ಹೆಚ್ಚಿಗೆ ರಜೆ ಹಾಕ್ತೇನೆ. ಹೋಟೆಲ್ ಉಡುಪಿಯಲ್ಲಾ ಮಂಗಳೂರಲ್ಲಾ?

ಕುಳೂರು ಸಂಕ:
ಮಂಗಳೂರು. ಮೂರೂ ರಾತ್ರಿ ಒಂದೇ ರೂಮು. ವಯಸ್ಸಾದವರು ಇರುವಾಗ ದಿನಾ ಬ್ಯಾಗ್ ಕಟ್ಟಿ ಬಿಚ್ಚುವ ಕೆಲಸ ಬೇಡ.

ರಥಬೀದಿ ಮಾಣಿ:
ಒಪ್ಪುವುದಿಲ್ಲ. ದ್ವೀಪಕ್ಕೆ ಬೆಳಗಿನ ದೋಣಿ ಹಿಡಿಯಬೇಕಾದರೆ ಮಂಗಳೂರಿನಿಂದ ಏಳಕ್ಕೇ ಹೊರಡಬೇಕು. ಮಕ್ಕಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ ಏಳಕ್ಕೆ ಹೊರಡಿಸುವುದು ಉಂಟಲ್ಲ, ಅದಕ್ಕಿಂತ ಒಮ್ಮೆ ಬ್ಯಾಗ್ ಕಟ್ಟುವುದು ಸುಲಭ. ಗುರುವಾರ ರಾತ್ರಿ ಉಡುಪಿ, ಶುಕ್ರವಾರ ಮತ್ತು ಶನಿವಾರ ರಾತ್ರಿ ಮಂಗಳೂರು.

ಪಡುಬಿದ್ರಿ ಅಕ್ಕ:
ಮಾಣಿ ಹೇಳಿದ್ದೇ ಸರಿ. ಒಂದು ಸೇರಿಸುತ್ತೇನೆ: ಎರಡು ರಾತ್ರಿಗೆ ಬೇಕಾದ ಬಟ್ಟೆ ಒಂದು ಬ್ಯಾಗಿಗೆ, ಸಮುದ್ರದ ಬಟ್ಟೆ ಬೇರೆ ಬ್ಯಾಗಿಗೆ ಹಾಕಿ. ಉಪ್ಪುನೀರಿನ ಬಟ್ಟೆ ಇಲ್ಲಿ ರಾತ್ರಿ ರೂಮಿನಲ್ಲಿ ಒಣಗುವುದಿಲ್ಲ. ಸಿಹಿನೀರಲ್ಲಿ ಜಾಲಾಡಿಸಿ ಫ್ಯಾನಿನ ಕೆಳಗೆ ಹಾಕಿದರೂ ಬೆಳಗ್ಗೆ ತಂಪು ತಂಪು ಇರುತ್ತದೆ. ಮಕ್ಕಳಿಗೆ ಎರಡೆರಡು ಜೊತೆ ಇಟ್ಟುಕೊಳ್ಳಿ. ಜೀನ್ಸ್ ಬೇಡವೇ ಬೇಡ.

ರಥಬೀದಿ ಮಾಣಿ:
ಉಡುಪಿ ದಿನ ಹೀಗೆ. ಹನ್ನೊಂದರ ಸುಮಾರಿಗೆ ತಲುಪುತ್ತೀರಿ. ಕಾರು ರಥಬೀದಿಗೆ ತರಲಿಕ್ಕೆ ಆಗುವುದಿಲ್ಲ. ಕಲ್ಸಂಕದ ಕಡೆಯಿಂದ ಬಂದು ರಾಜಾಂಗಣದ ಹತ್ತಿರದ ಪಾರ್ಕಿಂಗಿನಲ್ಲಿ ಬಿಡಿ, ಅಲ್ಲಿಂದ ಅಪ್ಪನಿಗೂ ನಡೆಯುವಷ್ಟೇ ದೂರ. ಚಪ್ಪಲಿ ಕಾರಿನಲ್ಲೇ ಬಿಡುವ ಬುದ್ಧಿವಂತಿಕೆ ಮಾಡಬೇಡಿ, ಹನ್ನೆರಡು ಗಂಟೆಗೆ ಕಲ್ಲು ಹಾಸು ಕಾದಿರುತ್ತದೆ. ಗಂಡಸರು ಅಂಗಿ, ಬನಿಯನ್ ಎರಡನ್ನೂ ತೆಗೆದು ಒಳಗೆ ಹೋಗಬೇಕು. ಅಪ್ಪನಿಗೆ ಒಂದು ಶಲ್ಯ ಇರಲಿ.

ಹೊರಗಿನಿಂದ ಕನಕನ ಕಿಂಡಿಯಲ್ಲಿ ಮೊದಲು ನೋಡಿ. ಒಳಗೆ ದೇವರ ದರ್ಶನ ಬೆಳ್ಳಿಯ ನವಗ್ರಹ ಕಿಂಡಿಯ ಒಂಬತ್ತು ರಂಧ್ರದಿಂದ. ಸಣ್ಣ ಮಗುವನ್ನು ಎತ್ತಿ ಹಿಡಿಯಬೇಕು, ಇಲ್ಲದಿದ್ದರೆ ಅವನಿಗೆ ಮುಂದಿನವರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹೆಚ್ಚಿನವರು ಅಷ್ಟು ನೋಡಿ ಓಡುತ್ತಾರೆ. ಎದುರಿಗೇ ಇರುವ ಅನಂತೇಶ್ವರ, ಚಂದ್ರಮೌಳೀಶ್ವರ ಬಿಡಬೇಡಿ. ಅನಂತೇಶ್ವರದೊಳಗೆ ಮಧ್ಯಾಹ್ನವೂ ತಂಪು. ಮಹಾಪೂಜೆ ಆದ ಮೇಲೆ ಮಠದಲ್ಲಿ ಊಟ. ನೆಲದ ಮೇಲೆ ಕೂರಲಾಗದ ಅಪ್ಪನಿಗೆ ಕುರ್ಚಿ-ಮೇಜಿನ ವ್ಯವಸ್ಥೆ ಎಲ್ಲಿ ಅಂತ ಸರದಿಗೆ ನಿಲ್ಲುವ ಮೊದಲೇ ಕೇಳಿಕೊಳ್ಳಿ. ಸರದಿ ಉದ್ದ ಇದ್ದರೆ ರಥಬೀದಿಯಲ್ಲೇ ಹೋಟೆಲ್ ಇದೆ.

ತಾರೀಕು ಬದಲಾಯಿಸಿ ಜನವರಿಗೆ ಹಾಕುವವರಿದ್ದರೆ: ಜನವರಿ ಎರಡನೇ ವಾರ ಮಕರ ಸಂಕ್ರಾಂತಿಯ ಸಪ್ತೋತ್ಸವ, ಮತ್ತೆ ಸಮಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ. ಆಗ ರೂಮು ಸಿಗುವುದಿಲ್ಲ, ಸಿಕ್ಕಿದರೂ ಕಾರು ಊರೊಳಗೆ ಬರುವುದಿಲ್ಲ. ಉತ್ಸವ ನೋಡಲಿಕ್ಕೇ ಬರುವುದಾದರೆ ಅದು ಬೇರೆ ಲೆಕ್ಕ.

ಮಲ್ಪೆ ಬಂದರು:
ದ್ವೀಪದ ವಿಷಯ ನಾನು ಹೇಳುತ್ತೇನೆ. ಮಲ್ಪೆ ಉಡುಪಿಯಿಂದ ಆರು ಕಿಲೋಮೀಟರ್. ದೋಣಿ ಬಂದರಿನಿಂದಲೂ ಉಂಟು, ಬೀಚಿನಿಂದಲೂ ಉಂಟು. ಅಪ್ಪನಿಗೆ ಬಂದರಿನ ದೊಡ್ಡ ದೋಣಿಯೇ ಸರಿ, ಧಕ್ಕೆಯಿಂದ, ಅಂದರೆ ದೋಣಿ ನಿಲ್ಲುವ ಕಟ್ಟೆಯಿಂದ, ಹತ್ತಬಹುದು. ಬೀಚಿನ ಸ್ಪೀಡ್ ಬೋಟಿಗೆ ನೀರಿಗಿಳಿದು ಏರಬೇಕು, ಅಲೆಯ ಮೇಲೆ ಹಾರಿ ಹಾರಿ ಹೋಗುತ್ತದೆ. ಬೆನ್ನು, ಮಂಡಿ ನೋವಿನವರಿಗೆ ಅದು ಶಿಕ್ಷೆ. ಜನ ತುಂಬಿದ ಮೇಲೆಯೇ ದೋಣಿ ಬಿಡುವುದು. ವಾರದ ದಿನ ಬೆಳಗ್ಗೆ ಅರ್ಧ ಗಂಟೆ ಕಾಯಬೇಕಾದರೂ ಆಶ್ಚರ್ಯ ಇಲ್ಲ, ಭಾನುವಾರ ಕಾಯುವುದು ಜನ ತುಂಬಲಿಕ್ಕಲ್ಲ, ಟಿಕೆಟಿನ ಸಾಲಿನಲ್ಲಿ. ದ್ವೀಪದ ಹತ್ತಿರ ಇಳಿಯುವಾಗ ದೋಣಿ ಅಲುಗುತ್ತದೆ, ಕೆಲವೊಮ್ಮೆ ಸಣ್ಣ ದೋಣಿಗೆ ಬದಲಾಯಿಸುವುದೂ ಉಂಟು. ಎರಡೂ ಕಡೆ ಕೈ ಹಿಡಿಯಲು ಜನ ಬೇಕು. ಅಪ್ಪ ಹಿಂಜರಿದರೆ ಒತ್ತಾಯ ಮಾಡಬೇಡಿ, ಅಮ್ಮನ ಜೊತೆ ಮಲ್ಪೆಯ ನೆರಳಲ್ಲಿ ಕೂರಲಿ.

ಅಲ್ಲಿ ನೋಡಬೇಕಾದ್ದು ಕಲ್ಲು. ಲಾವಾ ತಣಿದು ಕುಗ್ಗುವಾಗ ಒಡೆದು ಐದು–ಆರು ಮುಖದ ಕಂಬಗಳಾಗಿ ನಿಂತದ್ದು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದ ಜ್ವಾಲಾಮುಖಿಯದ್ದು. ಹಾಗಾಗಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಮಗಳಿಗೆ ಕಂಬದ ತುದಿಯ ಮುಖ ಎಣಿಸಲಿಕ್ಕೆ ಹೇಳಿ, ಎಲ್ಲವೂ ಆರಿಲ್ಲ, ಐದರದ್ದೂ ಏಳರದ್ದೂ ಸಿಗುತ್ತದೆ. ಒಂದು ಬದಿಯಲ್ಲಿ ಮರಳಿನ ಬದಲು ಚಿಪ್ಪಿನ ಚೂರುಗಳೇ, ಬರಿಗಾಲಿಗೆ ಕೊಯ್ಯುತ್ತದೆ. ಹಿಂದಿನ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಿ, ಹವಾಯಿ ಚಪ್ಪಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರುತ್ತದೆ. ನೆರಳು ಅಂದರೆ ನಾಲ್ಕು ತೆಂಗಿನ ಮರ, ಅಷ್ಟೆ. ತಿಂಡಿ, ಪ್ಲಾಸ್ಟಿಕ್ ತಡೆಯುತ್ತಾರೆ. ಮಗುವಿಗೆ ಸ್ಟೀಲ್ ಬಾಟಲಿಯಲ್ಲಿ ನೀರು ಒಯ್ಯಿರಿ. ಒಂದು ಗಂಟೆ ಸಾಕು. ಕಂಬದ ತುದಿಗೆ ನಿಂತು ಫೋಟೋ ಬೇಡ, ಕೆಳಗೆ ಆಳ ಉಂಟು, ಅಲೆ ಹೇಳಿ ಬರುವುದಿಲ್ಲ.

ಮಳೆಗಾಲದಲ್ಲಿ, ಜೂನಿನಿಂದ ಸೆಪ್ಟೆಂಬರ್ ತನಕ, ದೋಣಿಯೇ ಇಲ್ಲ. ಡಿಸೆಂಬರಿನಲ್ಲೂ ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳಿ.

ಬೆಣ್ಣೆನಗರಿ:
ಬಹಳ ಉಪಕಾರ ಆಯ್ತು. ಮಕ್ಕಳು ನೀರಿಗಿಳೀಲೇಬೇಕು ಅಂತಾರೆ. ಯಾವ ಬೀಚ್ ಒಳ್ಳೇದು? ಸೋಮೇಶ್ವರದ ಫೋಟೋ ನೋಡಿ ಮಗಳಿಗೆ ಆಸೆ.

ಪಡುಬಿದ್ರಿ ಅಕ್ಕ:
ಸೋಮೇಶ್ವರ ನೋಡಲಿಕ್ಕೆ ಚಂದ, ಇಳಿಯಲಿಕ್ಕೆ ಅಲ್ಲ. ಬಂಡೆ, ಸುಳಿ, ಆಳ ಮೂರೂ ಒಟ್ಟಿಗೆ. ದೇವಸ್ಥಾನದ ಬದಿಯಿಂದ ನೋಡಿ ಬನ್ನಿ.

ಮಕ್ಕಳಿಗೆ ಪಡುಬಿದ್ರಿ. ನನ್ನೂರು ಅಂತ ಹೇಳುವುದಲ್ಲ. ಎಂಡ್ ಪಾಯಿಂಟ್ ಬೀಚಿಗೆ 2020ರಲ್ಲಿ ಬ್ಲೂ ಫ್ಲಾಗ್ ಸಿಕ್ಕಿತು. ಆ ಮಾನ್ಯತೆಗೆ ನೀರಿನ ಪರೀಕ್ಷೆ, ಜೀವರಕ್ಷಕರು, ಸ್ನಾನಕ್ಕೆ ಗುರುತು ಮಾಡಿದ ಜಾಗ, ಶೌಚಾಲಯ ಎಲ್ಲ ಇರಲೇಬೇಕು. ಬಟ್ಟೆ ಬದಲಿಸಲು ಕೋಣೆ, ಮೈ ತೊಳೆಯಲು ಸಿಹಿನೀರು ಇರುವುದರಿಂದ ಕಾರಿನ ಸೀಟು ಉಳಿಯುತ್ತದೆ. ಒಂದು ಬದಿ ಹೊಳೆ, ಒಂದು ಬದಿ ಕಡಲು. ಪ್ರವೇಶಕ್ಕೆ ದುಡ್ಡು ಕೊಡಬೇಕು, ಕತ್ತಲಾದ ಮೇಲೆ ಬಿಡುವುದಿಲ್ಲ. ಶುಕ್ರವಾರ ದ್ವೀಪ ಮುಗಿಸಿ, ಊಟ ಮಾಡಿ, ಮಂಗಳೂರಿಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ತಿರುಗಿದರೆ ಸಿಗುತ್ತದೆ.

ಯಾವ ಬೀಚಾದರೂ ಇದು ಗೊತ್ತಿರಲಿ. ಅಲೆಗಳು ಸಾಲಾಗಿ ಬಿಳಿಯಾಗಿ ಒಡೆಯುತ್ತಿರುತ್ತವೆ, ಮಧ್ಯೆ ಒಂದು ಕಡೆ ಮಾತ್ರ ಒಡೆಯದೆ ನೀರು ಶಾಂತ, ಬಣ್ಣ ಸ್ವಲ್ಪ ಗಾಢ ಅಥವಾ ಮರಳು ಕದಡಿದ ಹಾಗೆ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ, ಅಲೆ ಕಡಿಮೆ ಅಂತ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿಯೇ ಅದು, ಎಳೆದುಕೊಂಡು ಹೋಗುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿದು, ಅಲೆ ಒಡೆಯುವ ಜಾಗಕ್ಕೆ ಬಂದ ಮೇಲೆ ತಿರುಗಬೇಕು. ಈಜು ಬಾರದಿದ್ದರೆ ತೇಲಿಕೊಂಡು ಕೈ ಎತ್ತಿ ಕೂಗಬೇಕು. ನಾಲ್ಕು ವರ್ಷದವನು ಮೊಣಕಾಲಿಗಿಂತ ಮೇಲೆ ನೀರು ಬರುವಲ್ಲಿ ನಿಲ್ಲುವುದೇ ಬೇಡ, ಕೈ ಹಿಡಿದವರು ಅವನಿಗಿಂತ ಕಡಲ ಬದಿಗೆ ನಿಲ್ಲಬೇಕು. ಗಾಳಿ ತುಂಬಿದ ಟ್ಯೂಬ್ ತರಬೇಡಿ. ಬೆಳಗ್ಗೆ ದಡದಿಂದ ಕಡಲಿಗೆ ಗಾಳಿ ಬೀಸುವ ಹೊತ್ತು ಟ್ಯೂಬು ಮಗುವಿನ ಸಮೇತ ಹೊರಗೆ ಹೋಗುತ್ತದೆ.

ಕುಳೂರು ಸಂಕ:
ಅಕ್ಕ ಹೇಳಿದ್ದರ ಜೊತೆ ಔಷಧಿ ವಿಷಯ. ಬೆವರಿಗೆ ಅಂತ ಎಲ್ಲರಿಗೂ ಓಆರ್‌ಎಸ್ ಕುಡಿಸಬೇಡಿ. ಅದರಲ್ಲಿ ಉಪ್ಪು ಉಂಟು, ಬಿಪಿ ಇರುವವರಿಗೆ ಶರಬತ್ತಿನ ಹಾಗೆ ಕೊಡುವಂಥದ್ದಲ್ಲ. ಬೊಂಡ, ಅಂದರೆ ನಿಮ್ಮ ಎಳನೀರು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೆಲವು ಬಿಪಿ ಮಾತ್ರೆಗಳು ಮೈಯಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ. ಹೊರಡುವ ಮೊದಲು ಮಾತ್ರೆಯ ಹೆಸರು ತೋರಿಸಿ ಡಾಕ್ಟರಲ್ಲಿ ಕೇಳಿ. ಮಕ್ಕಳಿಗೆ ಭೇದಿ ಆದರೆ ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಪ್ಯಾಕೆಟ್ ಲೋಟಕ್ಕೆ ಹಾಕುವುದು ತಪ್ಪು.

ಬಂದರು ರಸ್ತೆ:
ಮಂಗಳೂರು ದಿನಕ್ಕೆ ಬರೋಣ. ಶನಿವಾರ ಬೆಳಗ್ಗೆ ಪಿಲಿಕುಳ. ಮೂಡುಶೆಡ್ಡೆಯಲ್ಲಿದೆ, ಊರಿಂದ ಹನ್ನೆರಡು ಕಿಲೋಮೀಟರ್ ಹತ್ತಿರ. ಬಾಗಿಲು ತೆರೆಯುವಾಗಲೇ ಹೋಗಿ. ಜನ ಎಡವುವುದು ಒಂದೇ ಕಡೆ, ಪಿಲಿಕುಳ ಅಂದರೆ ಒಂದು ಪಾರ್ಕ್ ಅಂದುಕೊಳ್ಳುತ್ತಾರೆ. ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ, ಗುತ್ತಿನ ಮನೆ (ತುಳುನಾಡಿನ ಹಳೆಯ ದೊಡ್ಡ ಮನೆತನದ ಮನೆ), ಕೆರೆ ಎಲ್ಲ ಒಂದಕ್ಕೊಂದು ದೂರ, ಟಿಕೆಟ್ಟೂ ಬೇರೆ ಬೇರೆ. ಮೊದಲು ತಾರಾಲಯದ ಪ್ರದರ್ಶನ ಎಷ್ಟೊತ್ತಿಗೆ ಅಂತ ತಿಳಿದು ಮಧ್ಯಾಹ್ನದ್ದಕ್ಕೆ ಟಿಕೆಟ್ ಮಾಡಿ, ಆಮೇಲೆ ಮೃಗಾಲಯಕ್ಕೆ ಹೋಗಿ. ಬೆಳಗ್ಗೆ ಪ್ರಾಣಿಗಳು ಎದ್ದಿರುತ್ತವೆ, ಹನ್ನೊಂದರ ಮೇಲೆ ಹುಲಿಯೂ ನಮ್ಮಂತೆ ನೆರಳು ಹುಡುಕಿ ಮಲಗುತ್ತದೆ. ತಾರಾಲಯ 2018ರಲ್ಲಿ ಶುರುವಾದದ್ದು, ಮೂರು ಆಯಾಮದ ಪ್ರದರ್ಶನ. ನಾಲ್ಕು ವರ್ಷದವನಿಗೆ ಕತ್ತಲೆ ಹೆದರಿಕೆ ಇದ್ದರೆ ಬಾಗಿಲ ಹತ್ತಿರದ ಸೀಟು ಕೇಳಿ.

ಮೂರೂವರೆಗೆ ಲೈಟ್‌ಹೌಸ್ ಹಿಲ್‌ನ ಅಲೋಶಿಯಸ್ ಚಾಪೆಲ್. ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ 1901ರ ತನಕ ಗೋಡೆ, ಮಾಡು ಎಲ್ಲ ಚಿತ್ರ ತುಂಬಿಸಿದರು. ಗೋಡೆಯದ್ದು ಹಸಿ ಗಾರೆಯ ಮೇಲೆ ಬರೆದದ್ದು, ಮಾಡಿನದ್ದು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ. ಗಾರೆ ಒಣಗುವ ಮೊದಲು ಆ ದಿನದ ತುಂಡು ಮುಗಿಸಬೇಕು, ಒಣಗಿದ ಮೇಲೆ ಬಣ್ಣ ಒಳಗೆ ಹಿಡಿಯುವುದಿಲ್ಲ. ಇಷ್ಟು ಹೇಳಿ ಒಳಗೆ ಕರೆದುಕೊಂಡು ಹೋದರೆ ಮಗಳು ಬೇರೆ ಕಣ್ಣಿನಿಂದ ನೋಡುತ್ತಾಳೆ. ಬೆಂಚು ಉಂಟು, ಅಪ್ಪ ಕೂತೇ ಮಾಡಿನ ಚಿತ್ರ ನೋಡಬಹುದು. ಮಧ್ಯಾಹ್ನದ ಹೊತ್ತು ಮುಚ್ಚುತ್ತಾರೆ, ಭಾನುವಾರ ಪ್ರಾರ್ಥನೆ. ಅದಕ್ಕೇ ಶನಿವಾರ ಹೇಳಿದ್ದು.

ಅಲ್ಲಿಂದ ಬೋಳೂರಿನ ಸುಲ್ತಾನ್ ಬತ್ತೇರಿ, ಹಳೆಯ ಕಾವಲು ಗೋಪುರ. ಮೇಲೆ ಹತ್ತಿ ಹೊಳೆ ನೋಡಲು ಹತ್ತು ನಿಮಿಷ. ಬುಡದಲ್ಲೇ ತಣ್ಣೀರುಬಾವಿಗೆ ದೋಣಿ. ರಸ್ತೆಯಲ್ಲಾದರೆ ಕುಳೂರು ಸುತ್ತಿ ಬರಬೇಕು, ಸಂಜೆ ಕುಳೂರು ಸೇತುವೆಯಲ್ಲಿ ಗಾಡಿ ಇಂಚಿಂಚು. ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಹೋಗುವಾಗಲೇ ಕೇಳಿ. ತಪ್ಪಿದರೆ ಕಾರು ಈಚೆ ದಡದಲ್ಲಿ, ನೀವು ಆಚೆ ದಡದಲ್ಲಿ. ಆಟೋದವರು ಖಾಲಿ ವಾಪಸು ಬರುವ ಬಾಡಿಗೆಯನ್ನೂ ಸೇರಿಸಿ ಕೇಳುತ್ತಾರೆ, ಅದು ಅನ್ಯಾಯವೂ ಅಲ್ಲ.

ಕುಳೂರು ಸಂಕ:
ದೋಣಿ ಹತ್ತಿಸುವುದು ಅಪ್ಪನಿಗೆ ಕಷ್ಟವಾದರೆ ಪಣಂಬೂರು. ಕಾರು ಬೀಚಿನ ಹತ್ತಿರವೇ ಹೋಗುತ್ತದೆ. ಆದರೆ ಮರಳಿಗೆ ಇಳಿಸಬೇಡಿ. ಮೇಲೆ ಗಟ್ಟಿಯಾಗಿ ಕಂಡರೂ ಏಳು ಸೀಟಿನ ತೂಕಕ್ಕೆ ಚಕ್ರ ಹೂತುಹೋಗುತ್ತದೆ. ಹೂತರೆ ಆಕ್ಸಿಲೇಟರ್ ಒತ್ತಬಾರದು, ಒತ್ತಿದಷ್ಟೂ ಕೆಳಗೆ. ಎಲ್ಲರನ್ನೂ ಇಳಿಸಿ, ಎಂಜಿನ್ ತಿರುಗಿಸುವ ಚಕ್ರದ ಮುಂದಿನ ಮರಳು ಕೈಯಲ್ಲಿ ತೋಡಿ, ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಕಾಲೊರಸು ಮ್ಯಾಟ್ ಚಕ್ರದಡಿಗೆ ತುರುಕಿ, ಎರಡನೇ ಗೇರಿನಲ್ಲಿ ನಿಧಾನ ಎತ್ತಿ. ಹೊರಗೆ ಬಂದ ಮೇಲೆ ಗಾಳಿ ತುಂಬಿಸದೆ ಹೆದ್ದಾರಿ ಹತ್ತಬೇಡಿ.

ಬೆಣ್ಣೆನಗರಿ:
ಇನ್ನು ಊಟ. ಅಪ್ಪನಿಗೆ ದಪ್ಪ ಅಕ್ಕಿ ಅನ್ನ ಸೇರಲ್ಲ.

ಬಂದರು ರಸ್ತೆ:
‘ಬೆಳ್ತಿಗೆ ಅನ್ನ’ ಅಂತ ಕೇಳಿ, ಬಿಳಿ ಅನ್ನ ಬರುತ್ತದೆ. ಏನೂ ಹೇಳದಿದ್ದರೆ ಕೆಲವು ಕಡೆ ಕುಚ್ಚಲಕ್ಕಿಯೇ. ಸಾಂಬಾರು ನಿಮ್ಮ ನಾಲಿಗೆಗೆ ಸಿಹಿ ಅನ್ನಿಸುತ್ತದೆ, ಬೆಲ್ಲ ಹಾಕುತ್ತಾರೆ. ಚಟ್ನಿಪುಡಿ ಡಬ್ಬಿ ತಂದರೆ ಯಾರೂ ಬೇಸರಿಸುವುದಿಲ್ಲ. ಬೆಳಗ್ಗೆ ನೀರ್‌ದೋಸೆ, ಮೂಡೆ, ಪತ್ರೊಡೆ ಸಿಕ್ಕಿದರೆ ಬಿಡಬೇಡಿ, ಸಂಜೆ ಗೋಳಿಬಜೆ, ಬನ್ಸ್. ಬನ್ಸ್ ಅಂದರೆ ಬೇಕರಿಯದ್ದಲ್ಲ, ಬಾಳೆಹಣ್ಣು ಕಲಸಿದ ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ಕರಿದದ್ದು. ಗಡ್‌ಬಡ್ ಐಸ್‌ಕ್ರೀಮ್ ಎತ್ತರದ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ ಸೇರಿ ಬರುತ್ತದೆ, ಎರಡು ಮಕ್ಕಳಿಗೆ ಒಂದು ಧಾರಾಳ. ಮೀನಿನ ಹೋಟೆಲಿನಲ್ಲಿ ‘ವೆಜ್ ಉಂಟು’ ಅಂತ ಬೋರ್ಡಿದ್ದರೂ ನೀವು ಹೋಗಬೇಡಿ, ಬಂಗುಡೆಯ ಪರಿಮಳಕ್ಕೇ ಅಮ್ಮ ಎದ್ದು ಬರುತ್ತಾರೆ.

ರಥಬೀದಿ ಮಾಣಿ:
ಭಾನುವಾರ ವಾಪಸು ಹೋಗುವಾಗ ಉಡುಪಿಗೆ ಬರುವುದು ಬೇಡ. ಬೆಳಗ್ಗೆ ಆರೂವರೆಗೆ ಕದ್ರಿ, ಅಲ್ಲಿನ ಕಂಚಿನ ಲೋಕೇಶ್ವರ ಮೂರ್ತಿ 968ನೇ ಇಸವಿಯದ್ದು, ಗರ್ಭಗುಡಿ ನೋಡಿ ಹೊರಡುವವರು ಅದನ್ನೇ ಬಿಟ್ಟು ಹೋಗುತ್ತಾರೆ. ಎಂಟರೊಳಗೆ ಹೊರಟರೆ 35 ಕಿಲೋಮೀಟರಿಗೆ ಮೂಡಬಿದಿರೆ. 1430ರ ಸಾವಿರ ಕಂಬದ ಬಸದಿ, ಮಾಡಿನ ಕೆಳಗೆ ತಂಪಾಗಿ ಕೂತು ಒಂದೊಂದು ಕಂಬದ ಕೆತ್ತನೆ ನೋಡಬಹುದು. ಮತ್ತೆ ಕಾರ್ಕಳ, 42 ಅಡಿಯ ಗೋಮಟೇಶ್ವರ. ಬಂಡೆಯ ಮೇಲಿನ ಮೆಟ್ಟಿಲು, ಬರಿಗಾಲು, ಹತ್ತೂವರೆ ದಾಟಿದರೆ ಪಾದ ಸುಡುತ್ತದೆ. ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಅಪ್ಪ ಕೆಳಗಿರಲಿ. ಕಾರ್ಕಳದಿಂದ ಹೆಬ್ರಿ, ಸೋಮೇಶ್ವರ, ಆಗುಂಬೆ. ಘಾಟಿಯನ್ನು ಬೆಳಕಿರುವಾಗಲೇ ಹತ್ತಿ ಮುಗಿಸಿ.

ಬೆಣ್ಣೆನಗರಿ:
ಹಾಗಾದ್ರೆ ಕಾಪು ದೀಪಸ್ತಂಭ, ಕುದ್ರೋಳಿ, ಮಂಗಳಾದೇವಿ ಬಿಟ್ಟೆ. ಕಾಪು ಬಿಡೋಕೆ ಮನಸ್ಸಿಲ್ಲ.

ಪಡುಬಿದ್ರಿ ಅಕ್ಕ:
ಕಾಪು ಬೇಕಾದರೆ ಗುರುವಾರ ಸಂಜೆ ಮಾಡಿ. ಉಡುಪಿಯಿಂದ 13 ಕಿಲೋಮೀಟರ್, ಮಧ್ಯಾಹ್ನ ಮಲಗೆದ್ದು ನಾಲ್ಕಕ್ಕೆ ಹೊರಡಬಹುದು. 1901ರ ದೀಪಸ್ತಂಭ, ಮೇಲೆ ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಬಂಡೆಗೆ ಹತ್ತುವ ಮೆಟ್ಟಿಲೇ ಕಡಿದು, ಒಳಗಿನದ್ದು ಸುರುಳಿ ಮೆಟ್ಟಿಲು. ಮಗಳನ್ನು ಒಬ್ಬರು ಕರೆದುಕೊಂಡು ಹೋಗಿ, ಉಳಿದವರು ಕೆಳಗೆ ಮರಳಲ್ಲಿ ಕೂತುಕೊಳ್ಳಿ. ಕುದ್ರೋಳಿ ಶನಿವಾರ ರಾತ್ರಿ ಊಟಕ್ಕೆ ಹೋಗುವ ಮೊದಲು ನೋಡಬಹುದು, ದೀಪದಲ್ಲಿ ಚಂದ ಕಾಣುತ್ತದೆ.

ಬೆಣ್ಣೆನಗರಿ:
ಸರಿ ಅಕ್ಕಾ, ಹಾಗೇ ಮಾಡ್ತೇವೆ. ಮಂಗಳೂರಲ್ಲಿ ರೂಮು ಯಾವ ಭಾಗದಲ್ಲಿ?

ಬಂದರು ರಸ್ತೆ:
ಬಿಜೈ ಅಥವಾ ಲಾಲ್‌ಬಾಗ್ ಕಡೆ. ಉಡುಪಿ ದಾರಿಗೂ ಕದ್ರಿಗೂ ಹತ್ತಿರ. ಹಂಪನಕಟ್ಟೆಯಲ್ಲಿ ಎಲ್ಲವೂ ಕಾಲಳತೆಯಲ್ಲಿ ಸಿಗುತ್ತದೆ, ಆದರೆ ಏಳು ಸೀಟಿನ ಗಾಡಿ ನಿಲ್ಲಿಸುವುದು ಕಷ್ಟ. ಲಿಫ್ಟ್ ಉಂಟಾ, ಪಾರ್ಕಿಂಗ್ ನೆಲಮಾಳಿಗೆಯಾದರೆ ಇಳಿಜಾರಿನ ಎತ್ತರಕ್ಕೆ ನಿಮ್ಮ ಗಾಡಿಯ ಮೇಲಿನ ಕ್ಯಾರಿಯರ್ ತಾಗುತ್ತದಾ, ಇವೆರಡನ್ನು ಬುಕ್ ಮಾಡುವ ಮೊದಲು ಫೋನಿನಲ್ಲೇ ಕೇಳಿ.